ಹೆಲೆನ್ ಉಟ್ಟ ಪಂಚೆ

ಗಾಬರಿ ಬೀಳುವುದೂ ಒಂದು ಕಸುಬು ಅನ್ನುವುದಾದರೆ ನಾನು ಅದರಲ್ಲಿ ನಲವತ್ತು ವರ್ಷ ಸರ್ವಿಸ್ ಮಾಡಿದವಳು. ಮನೆಗೆ ಬೀಗ ಹಾಕಿ ಅರ್ಧ ದಾರಿ ಹೋದ ಮೇಲೆ, ಒಲೆ ಆರಿಸಿದೆನೋ ಇಲ್ಲವೋ ಎಂದು ನಿಂತುಬಿಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಒಲೆ ಹಚ್ಚುವಾಗಲೇ ಅದನ್ನು ಯೋಚಿಸಿರುತ್ತೇನೆ. ನಮ್ಮ ಮನೆಯಲ್ಲಿ ಈ ಕೆಲಸವನ್ನು ಇಬ್ಬರೂ ಹಂಚಿಕೊಂಡಿದ್ದೆವು. ಗಾಬರಿ ಬೀಳುವುದು ನನ್ನ ಪಾಲು. "ಏನೂ ಆಗಲ್ಲ ಬಿಡೇ" ಅನ್ನುವುದು ನಮ್ಮನೆಯವರ ಪಾಲು. ಪೇಪರಿನಿಂದ ತಲೆ ಎತ್ತದೆ, ನಾನು ಏನು ಹೇಳುತ್ತಿದ್ದೇನೆ ಎಂದು ಪೂರ್ತಿ ಕೇಳಿಸಿಕೊಳ್ಳದೆ ಹೇಳುತ್ತಿದ್ದರು. ಆಗೆಲ್ಲ ನನಗೆ ಮೈ ಉರಿಯುತ್ತಿತ್ತು. ಒಂದು ಸಲ ಅವರ ಕುರ್ಚಿಯ ಹಿಂದೆ ನಿಜವಾಗಿಯೂ ಬಾಣಲೆಗೆ ಬೆಂಕಿ ಹತ್ತಿಕೊಂಡಿತ್ತು. ಆಗಲೂ ಏನೂ ಆಗಲ್ಲ ಬಿಡೇ ಅಂದರು. ಏನೂ ಆಗಲಿಲ್ಲ ಅನ್ನುವುದು ಬೇರೆ ಮಾತು. ಬಾಣಲೆಯ ಮೇಲೆ ತಟ್ಟೆ ಮುಚ್ಚಿದ್ದು ನಾನು.

ಹೋದ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅವತ್ತಿನಿಂದ ನಮ್ಮ ಸಂಸಾರದ ಮಾತಿನಲ್ಲಿ ನನ್ನ ಅರ್ಧ ಮಾತ್ರ ಉಳಿದಿದೆ. ಅಭ್ಯಾಸದ ಪ್ರಕಾರ ಗಾಬರಿ ಬಿದ್ದು, ಉತ್ತರಕ್ಕೆ ಸ್ವಲ್ಪ ಹೊತ್ತು ಕಾಯುತ್ತೇನೆ. ಬರುವುದಿಲ್ಲ. ಮೊದಲಾದರೆ ಒಂದು ಗಾಬರಿ ಅಲ್ಲಿಗೆ ಮುಗಿದು ಇನ್ನೊಂದಕ್ಕೆ ಜಾಗ ಆಗುತ್ತಿತ್ತು. ಈಗ ಯಾವುದೂ ಮುಗಿಯುವುದಿಲ್ಲ. ಫೆಬ್ರವರಿಯ ಗಾಬರಿಗಳೇ ಇನ್ನೂ ಸಾಲಿನಲ್ಲಿ ನಿಂತಿವೆ.

ನಾವಿಬ್ಬರೂ ಮೂವತ್ತೊಂದು ವರ್ಷ ಇದ್ದದ್ದು ಮಿಷಿಗನ್ನಿನ ಟ್ರಾಯ್ ಎಂಬ ಊರಿನಲ್ಲಿ. ಅವರು ಹತ್ತಿರದ ಸೌತ್‌ಫೀಲ್ಡಿನಲ್ಲಿ ಕಾರಿನ ಬಿಡಿಭಾಗಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಅವರು ಹೋದ ಮೇಲೆ ಮಗಳು ವಿದ್ಯಾ ಬಂದು ನನ್ನನ್ನು ಡೌನರ್ಸ್ ಗ್ರೋವಿನ ತನ್ನ ಮನೆಗೆ ಕರೆದುಕೊಂಡು ಬಂದಳು. ಅವಳು ಬೆಳಿಗ್ಗೆ ರೈಲು ಹಿಡಿದು ಶಿಕಾಗೋ ಡೌನ್‌ಟೌನಿಗೆ ಕೆಲಸಕ್ಕೆ ಹೋಗುತ್ತಾಳೆ. ಅಳಿಯ ವಾರದಲ್ಲಿ ನಾಲ್ಕು ದಿನ ಬೇರೆ ಊರಿನಲ್ಲಿರುತ್ತಾನೆ. ಮನೆಯಲ್ಲಿ ನನ್ನ ಜೊತೆಗೆ ಇರುವವಳು ಹನ್ನೊಂದು ವರ್ಷದ ಮೊಮ್ಮಗಳು ನಿಧಿ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ತೊಂದರೆ ಇಲ್ಲ. ಇಲ್ಲಿ ಅವಳ ಮಾತನ್ನು ನನ್ನ ಕನ್ನಡದಲ್ಲೇ ಬರೆದಿದ್ದೇನೆ. ಹೆಚ್ಚು ಕಡಿಮೆ ಆಗಿದ್ದರೆ ಪಿಯುಸಿಗೆ ನಿಂತ ನನ್ನ ಓದಿನ ತಪ್ಪು, ಅವಳದಲ್ಲ.

ಟ್ರಾಯ್ ಮನೆ ಖಾಲಿ ಮಾಡುವಾಗ ನಮ್ಮನೆಯವರ ಬಟ್ಟೆಯನ್ನೆಲ್ಲ ಕೊಟ್ಟುಬಿಟ್ಟೆವು. ಅಂಗಿ, ಪ್ಯಾಂಟು, ಎರಡು ಸೂಟು, ಹಿಮಕ್ಕೆ ಹಾಕುವ ದಪ್ಪ ಕೋಟು. ಒಂದು ಪಂಚೆಯನ್ನು ಮಾತ್ರ ನಾನು ಇಟ್ಟುಕೊಂಡೆ. ಬಿಳಿ ಪಂಚೆ, ಎರಡು ಬೆರಳಗಲದ ಜರಿ ಅಂಚು. ಪ್ರತಿ ಶನಿವಾರ ಅದನ್ನು ಉಟ್ಟು ಪೂಜೆಗೆ ಕೂರುತ್ತಿದ್ದರು. ಕೊನೆಯ ಶನಿವಾರ ಬಿಚ್ಚಿ, ತಮ್ಮದೇ ರೀತಿಯಲ್ಲಿ, ನಕ್ಷೆ ಮಡಿಸಿದ ಹಾಗೆ ಮೂಲೆಗೆ ಮೂಲೆ ಕೂಡಿಸಿ ಮಡಿಸಿ ಇಟ್ಟಿದ್ದರು. ಅದನ್ನು ಒಗೆಯಲು ನನಗೆ ಕೈ ಬರಲಿಲ್ಲ. ಗಂಧ, ಕರ್ಪೂರ, ನೋವಿನ ಮುಲಾಮು, ಅದರ ಕೆಳಗೆ ಅವರ ಮೈಯ ವಾಸನೆ. ಅದನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಟ್ಟೆ ಕೆಡದಿರಲಿ ಎಂದು ನಾಲ್ಕು ನುಸಿಗುಳಿಗೆ ಇಟ್ಟು, ಬಾಯಿ ಬಿಗಿಯಾಗಿ ಕಟ್ಟಿ ಸೂಟ್‌ಕೇಸಿನ ತಳದಲ್ಲಿಟ್ಟೆ. ಎಂಟು ತಿಂಗಳಲ್ಲಿ ಒಂದು ಸಲವೂ ಬಿಚ್ಚಿರಲಿಲ್ಲ. ಬಿಚ್ಚಿದರೆ ಅಷ್ಟಷ್ಟೇ ವಾಸನೆ ಹಾರಿಹೋಗಿ ಒಂದು ದಿನ ಮುಗಿದುಹೋದರೆ? ಅದೇ ನನ್ನ ಎಲ್ಲ ಗಾಬರಿಗಳ ಮಹಾರಾಣಿ. ಈ ವಿಷಯ ಯಾರಿಗೂ ಹೇಳಿರಲಿಲ್ಲ. ಮಗಳು ಕೇಳಿದ್ದಕ್ಕೆ, "ವರ್ಷಾಂತಿಕಕ್ಕೆ ಬೇಕಾದ ಸಾಮಾನು, ಮುಟ್ಟಬೇಡ" ಅಂದಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ. ವರ್ಷಾಂತಿಕದ ದಿನ ಪುರೋಹಿತರಿಗೆ ದಾನ ಕೊಡಲು ಶಿಕಾಗೋದ ಇಂಡಿಯನ್ ಅಂಗಡಿಗಳ ಬೀದಿ ಡೆವನ್ ಅವೆನ್ಯೂಗೆ ಹೋಗಿ, ಅದೇ ಬಿಳುಪಿನ, ಅದೇ ಅಂಚಿನ ಹೊಸ ಪಂಚೆಯೊಂದನ್ನು ತಂದು ಅದರ ಪಕ್ಕದಲ್ಲೇ ಇಟ್ಟಿದ್ದೆ.

ಇಂಥ ಸೂಟ್‌ಕೇಸಿಗೆ ಗ್ರೀಸ್ ದೇಶದಿಂದ ಅಪಾಯ ಬರುತ್ತದೆ ಎಂದು ನಾನಂತೂ ಊಹಿಸಿರಲಿಲ್ಲ. ಊಹಿಸದೇ ಬಿಟ್ಟದ್ದು ಅದೊಂದೇ ಇರಬೇಕು.

ನಿಧಿಯ ಆರನೇ ಕ್ಲಾಸಿನಲ್ಲಿ ಅಕ್ಟೋಬರಿನಲ್ಲಿ ಗ್ರೀಕ್ ಪುರಾಣದ ಪಾಠ. ಪಾಠ ಮುಗಿದ ಮೇಲೆ ಮೇಣದ ಗೊಂಬೆಗಳ ಪ್ರದರ್ಶನ. ಒಂದೊಂದು ಮಗು ಒಬ್ಬೊಬ್ಬ ದೇವರದೋ ರಾಕ್ಷಸನದೋ ವೇಷ ಹಾಕಿ ಗೊಂಬೆಯ ಹಾಗೆ ಅಲ್ಲಾಡದೆ ನಿಲ್ಲಬೇಕು. ಎದುರಿಗೆ ನೆಲದ ಮೇಲೆ ಕೆಂಪು ಕಾಗದದ ಬಿಲ್ಲೆ. ನೋಡಲು ಬಂದವರು ಅದನ್ನು ಮೆಟ್ಟಿದರೆ ಗೊಂಬೆಗೆ ಜೀವ ಬಂದು ತನ್ನ ಕಥೆ ಹೇಳಬೇಕು. ಯಾರು ಯಾವ ಗೊಂಬೆ ಅನ್ನುವುದಕ್ಕೆ ಟೀಚರು ಟೋಪಿಯಲ್ಲಿ ಚೀಟಿ ಹಾಕಿ ಎತ್ತಿಸಿದರು. ನಿಧಿ ಸ್ಕೂಲ್ ಬಸ್ ಇಳಿದು ಬಂದವಳೇ ಚೀಲವನ್ನು ಎಸೆದು ಸೋಫಾದ ಮೇಲೆ ಬೋರಲು ಬಿದ್ದಳು.

"ನಂಗೆ ಹೆಲೆನ್ ಬಂದಿದಾಳೆ ಅಜ್ಜಿ. ನನ್ನ ಜೀವನ ಮುಗೀತು."

"ಯಾರು ಪುಟ್ಟೀ ಹೆಲೆನ್ ಅಂದ್ರೆ? ರಾಕ್ಷಸಿನಾ?"

"ಪ್ರಪಂಚದಲ್ಲೇ ಅತಿ ಸುಂದರಿ. ಅವಳನ್ನ ಒಬ್ಬ ರಾಜಕುಮಾರ ಎತ್ಕೊಂಡು ಹೋದ, ಬಿಡಿಸ್ಕೊಂಡು ಬರೋಕೆ ಸಾವಿರ ಹಡಗು ಹೊರಟಿದ್ವು. ಹತ್ತು ವರ್ಷ ಯುದ್ಧ ಆಯ್ತು. ಊರೇ ಸುಟ್ಟುಹೋಯ್ತು. ನಂಗೆ ಮೆಡೂಸಾ ಬಂದಿದ್ರೆ ಎಷ್ಟು ಚೆನ್ನಾಗಿತ್ತು! ತಲೆ ತುಂಬ ಹಾವು. ಮೆಡೂಸಾನ ನೋಡಿ ಯಾರೂ ಏನೂ ಅನ್ನಲ್ಲ."

ಸಂಕಟ ಏನು ಎಂದು ನನಗೆ ಆಗ ಅರ್ಥವಾಯಿತು. ಹಲ್ಲಿಗೆ ತಂತಿ, ಕಣ್ಣಿಗೆ ಕನ್ನಡಕ, ಅವೆರಡರ ಮಧ್ಯೆ ನಮ್ಮನೆಯವರ ಮೂಗು. ಆ ಮೂಗಿನ ವಿಷಯ ನಾನು ಸ್ವಲ್ಪ ಹೇಳಬೇಕು. ಅವರು ನನ್ನನ್ನು ನೋಡಲು ಮೈಸೂರಿನ ನಮ್ಮ ಮನೆಗೆ ಬಂದ ದಿನ ಬಾಗಿಲಿನಿಂದ ಮೊದಲು ಒಳಗೆ ಬಂದದ್ದು ಅದೇ. ಉಳಿದವರು ಹಿಂದೆ ಬಂದರು. ನಮ್ಮ ಸೋದರತ್ತೆ ಅಡುಗೆಮನೆಯಲ್ಲಿ, "ಹುಡುಗನ ಮೂಗು ಒಂದಿಷ್ಟು ಧಾರಾಳವಾಯ್ತು" ಅಂದಿದ್ದಳು. ನಮ್ಮಮ್ಮ, "ನಮ್ಮ ಹುಡುಗೀನೇನು ರಂಭೆಯಾ, ಊರ್ವಶಿಯಾ? ಸುಮ್ಮನಿರು" ಅಂದಳು. ಅಲ್ಲಿಗೆ ಮದುವೆ ನಿಶ್ಚಯವಾಯಿತು. ಆ ಮೂಗು ಮಗಳನ್ನು ಬಿಟ್ಟು, ಒಂದು ತಲೆಮಾರು ಹಾರಿ, ಬಂದು ಈ ಕೂಸಿನ ಮುಖದ ಮೇಲೆ ಕೂತಿದೆ. ನನಗೆ ಅದನ್ನು ನೋಡಿದರೆ ಸಂತೋಷ. ಅವಳಿಗೆ ಕನ್ನಡಿ ನೋಡಿದರೆ ಅಳು.

ಆ ವಾರವೆಲ್ಲ ನಮ್ಮ ಊಟದ ಮೇಜಿನ ಮೇಲೆ ಹೆಲೆನ್. ನಿಧಿ ಲೈಬ್ರರಿಯಿಂದ ಪುಸ್ತಕ ತಂದಳು, ಚಿತ್ರಗಳ ಪ್ರಿಂಟು ತೆಗೆದಳು. ಒಂದರಲ್ಲಿ ಹೊಂಬಣ್ಣದ ಕೂದಲು, ಒಂದರಲ್ಲಿ ಕೆಂಚು ಕೂದಲು. ಒಂದರಲ್ಲಿ ತೆಳ್ಳಗೆ ಕಡ್ಡಿ, ಒಂದರಲ್ಲಿ ನಮ್ಮ ಸೋದರತ್ತೆಯ ಹಾಗೆ ತುಂಬಿದ ಮೈ. ಮೂರು ಸಾವಿರ ವರ್ಷದಿಂದ ಜನ ಬರೆಯುತ್ತಲೇ ಇದ್ದಾರೆ. ಅವಳನ್ನು ಒಬ್ಬರೂ ಕಂಡಿಲ್ಲ. ಅವರವರ ಬೀದಿಯಲ್ಲಿ ಚೆನ್ನಾಗಿದ್ದ ಹುಡುಗಿಯನ್ನು ಬರೆದು ಹೆಲೆನ್ ಎಂದು ಹೆಸರಿಟ್ಟಿದ್ದಾರೆ, ಅಷ್ಟೆ. "ಅಂದ ಮೇಲೆ ನಿನ್ನ ಮೂಗೂ ಇರಬಹುದು ಬಿಡು" ಅಂದೆ. ನಿಧಿ ನನ್ನನ್ನು ಕನಿಕರದಿಂದ ನೋಡಿದಳು. ಅವಳ ಟೀಚರು ಸೌಂದರ್ಯಕ್ಕೊಂದು ತಮಾಷೆಯ ಅಳತೆ ಹೇಳಿದ್ದರಂತೆ: ಹೆಲೆನ್ ಅಂದರೆ ಸಾವಿರ ಹಡಗು, ಹಾಗಾದರೆ ಒಂದು ಹಡಗು ಹೊರಡಿಸುವಷ್ಟು ರೂಪ ಅಂದರೆ ಹೆಲೆನ್ನಿನ ಸಾವಿರದಲ್ಲಿ ಒಂದು ಪಾಲು. ನಾನು ನನ್ನ ಪಾಲು ಎಷ್ಟಿರಬಹುದು ಎಂದು ಯೋಚಿಸಿದೆ. ನನಗಾಗಿ ಹೊರಟದ್ದು ಒಂದು ಬಾಡಿಗೆ ಟ್ಯಾಕ್ಸಿ. ಅದೂ ನಂಜನಗೂಡು ರಸ್ತೆಯಲ್ಲಿ ಪಂಕ್ಚರ್ ಆಗಿತ್ತು. ಚೆನ್ನಾಗಿದೀಯ ಎಂದು ನಮ್ಮನೆಯವರು ಒಂದು ದಿನವೂ ಅಂದವರಲ್ಲ. ಹಬ್ಬದ ದಿನ ರೇಷ್ಮೆ ಸೀರೆ ಉಟ್ಟು ಎದುರು ನಿಂತರೆ ಮೇಲಿನಿಂದ ಕೆಳಗೆ ನೋಡಿ, "ನೀಟಾಗಿದೆ" ಅನ್ನುತ್ತಿದ್ದರು. ನಕ್ಷೆ ಬರೆಯುವವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಎಂದು ನನಗೆ ಗೊತ್ತಾಗಲು ಹನ್ನೆರಡು ವರ್ಷ ಬೇಕಾಯಿತು.

ಆ ಹಡಗುಗಳೆಲ್ಲ ಹೋದ ಊರಿನ ಹೆಸರು ಟ್ರಾಯ್ ಎಂದು ತಿಳಿದಾಗ ಮಾತ್ರ ನಾನು ನಕ್ಕೆ. ನಾವಿದ್ದ ಟ್ರಾಯ್‌ಗೆ ಕೋಟೆ ಇರಲಿಲ್ಲ, ಮಾಲ್ ಇತ್ತು. ಅಲ್ಲಿಗೆ ಯಾರಾದರೂ ದಂಡೆತ್ತಿ ಬಂದಿದ್ದರೆ ಅದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೆಯ ದಿನದ ಸೇಲಿಗೆ.

ವೇಷಕ್ಕೆ ಬೇಕಾದ ಉಡುಪನ್ನು ವಿದ್ಯಾ ಆನ್‌ಲೈನಿನಲ್ಲಿ ತರಿಸಿದಳು. ಪ್ರದರ್ಶನದ ಹಿಂದಿನ ದಿನ ಸಾಯಂಕಾಲ ಪಾರ್ಸೆಲ್ ಬಂತು. ಬಿಚ್ಚಿ ನೋಡಿದರೆ ನಾಲ್ಕು ವರ್ಷದ ಮಗುವಿನ ಅಳತೆ. ನಿಧಿ ಅದನ್ನು ತಲೆಯ ಮೇಲಿಂದ ಹಾಕಿಕೊಳ್ಳಲು ಹೋಗಿ, ಮೂಗಿನ ಹತ್ತಿರ ಸಿಕ್ಕಿಹಾಕಿಕೊಂಡು, ಒಳಗಿನಿಂದಲೇ ಅಳಲು ಶುರುಮಾಡಿದಳು. ವಿದ್ಯಾ, "ಬೆಡ್‌ಶೀಟ್ ಸುತ್ತೋಣ" ಅಂದಳು. "ಬೆಡ್‌ಶೀಟಲ್ಲಿ ಹೆಲೆನ್ ಅಲ್ಲ ಮಮ್ಮಿ, ದೆವ್ವ ಆಗ್ತೀನಿ."

ನಾನು ಪ್ರಿಂಟಿನಲ್ಲಿದ್ದ ಅಮೃತಶಿಲೆಯ ಹೆಂಗಸರನ್ನು ಇನ್ನೊಂದು ಸಲ ನೋಡಿದೆ. ಹೊಲಿಗೆಯೇ ಇಲ್ಲ. ಒಂದೇ ಉದ್ದದ ಬಿಳಿ ಬಟ್ಟೆ, ಅಂಚಿನಲ್ಲಿ ಗೆರೆ, ಎರಡು ಭುಜದ ಮೇಲೆ ಪಿನ್ನು, ನಡುವಿಗೆ ಒಂದು ದಾರ. ಅಯ್ಯೋ, ಇವರೂ ನಮ್ಮ ಹಾಗೆ ಉಟ್ಟವರೇ! ಸೀರೆಗೂ ಪಂಚೆಗೂ ನೆರಿಗೆ ಹಿಡಿದ ಕೈ ಇದು. "ಪಂಚೆ ಇದೆಯಲ್ಲೇ" ಎಂದು ಬಾಯಿಂದ ಬಂದೇಬಿಟ್ಟಿತು. ಬಂದ ಮೇಲೆ ಅವರ ಪಂಚೆ ನೆನಪಾಯಿತು. ಆದರೆ ಇರುವುದು ಎರಡು. ಹೊಸದನ್ನು ಕೊಟ್ಟರಾಯಿತು, ಪುರೋಹಿತರಿಗೆ ಡೆವನ್‌ನಿಂದ ಇನ್ನೊಂದು ತರಬಹುದು ಎಂದು ಸಮಾಧಾನ ಮಾಡಿಕೊಂಡೆ. ಸೂಟ್‌ಕೇಸ್ ತೆಗೆದು, ಅವರ ಪಂಚೆಯ ಕವರನ್ನು ಮುಟ್ಟದೆ, ಹೊಸದನ್ನು ಎಳೆದುಕೊಂಡೆ.

ಹೊಸ ಪಂಚೆಯ ಗಂಜಿ ಹಪ್ಪಳದ ಹಾಗೆ. ಉಡಿಸಿ ನಿಲ್ಲಿಸಿದರೆ ನಿಧಿ ಕ್ಯಾಂಪಿಂಗ್ ಡೇರೆಯಂತೆ ಕಂಡಳು. ವಿದ್ಯಾ ಅದನ್ನು ಮೆದು ಮಾಡುವ ದ್ರಾವಣ ಹಾಕಿ ಮೆಷಿನ್ನಿಗೆ ಹಾಕಿದಳು. ಅದು ತಿರುಗುತ್ತಿರುವಾಗ ನಿಧಿ ಪಾಠ ಒಪ್ಪಿಸಿದಳು. ಅದರಲ್ಲೊಂದು ಸ್ವಾರಸ್ಯ ಇತ್ತು. ಕೆಲವರು ಹೇಳುವ ಪ್ರಕಾರ ಹೆಲೆನ್ ಟ್ರಾಯ್‌ಗೆ ಹೋಗಲೇ ಇಲ್ಲವಂತೆ. ದೇವತೆಗಳು ಮೋಡದಿಂದ ಅವಳ ಹಾಗೇ ಒಂದು ಬೊಂಬೆ ಮಾಡಿ ಕಳಿಸಿದರಂತೆ. ನಿಜವಾದ ಹೆಲೆನ್ ಹತ್ತು ವರ್ಷವೂ ಈಜಿಪ್ಟಿನಲ್ಲಿ ಹಾಯಾಗಿದ್ದಳಂತೆ. ನಾನು, "ಇದು ನಮ್ಮಲ್ಲೂ ಇದೆ ಕಣೇ. ನಿಜವಾದ ಹೆಂಡತೀನ ಅಗ್ನಿದೇವರ ಹತ್ತಿರ ಬಿಟ್ಟು, ಬರೀ ನೆರಳನ್ನ ರಾವಣನ ಜೊತೆ ಕಳಿಸಿದ್ದು ಅಂತ ಹರಿಕಥೆಯಲ್ಲಿ ಹೇಳ್ತಿದ್ರು" ಅಂದೆ. ನಿಧಿ ಕಣ್ಣರಳಿಸಿ, "ಅಲ್ಲೂ ಯಾರೂ ಚೆಕ್ ಮಾಡ್ಲಿಲ್ವಾ?" ಎಂದು ಕೇಳಿದಳು. ಹರಿದಾಸರನ್ನು ನಾನು ಆ ಪ್ರಶ್ನೆ ಕೇಳಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬೇಗ ಎದ್ದು ಹೊಸ ಪಂಚೆಗೆ ಇಸ್ತ್ರಿ ಹಾಕಿ ನನ್ನ ಮಂಚದ ಮೇಲಿಟ್ಟೆ. ಅದನ್ನು ನಿಧಿ ಚೀಲದಲ್ಲಿ ಹಾಕಿಕೊಂಡು ಹೋಗಬೇಕು, ಮಧ್ಯಾಹ್ನ ಸ್ಕೂಲಿನಲ್ಲೇ ಉಡಬೇಕು. "ಎತ್ತಿಕೊಂಡ್ಯಾ?" ಎಂದು ಅಡುಗೆಮನೆಯಿಂದ ಕೂಗಿದೆ. "ಎತ್ಕೊಂಡೆ ಅಜ್ಜಿ" ಎಂದು ಬಾಗಿಲ ಹತ್ತಿರದಿಂದ ಉತ್ತರ ಬಂತು. ಬಸ್ಸು ಹೋಯಿತು. ವಿದ್ಯಾಳೂ ಹೋದಳು. ನಾನು ಕಾಫಿ ಕುಡಿದು, ಪಾತ್ರೆ ತೊಳೆದು, ಒಂಬತ್ತು ಗಂಟೆಗೆ ಕೋಣೆಗೆ ಹೋದರೆ ಇಸ್ತ್ರಿ ಮಾಡಿದ ಪಂಚೆ ಮಂಚದ ಮೇಲೆ ಹಾಗೇ ಇದೆ. ಸೂಟ್‌ಕೇಸಿನ ಮುಚ್ಚಳ ತೆರೆದಿದೆ. ಅವರ ಪಂಚೆಯ ಕವರು ಬಾಯಿ ಬಿಟ್ಟುಕೊಂಡು ಬರಿದಾಗಿ ಬಿದ್ದಿದೆ.

ನಾನು ಮಂಚದ ಮೇಲೆ ಕೂತುಬಿಟ್ಟೆ. ಸ್ವಲ್ಪ ಹೊತ್ತು ಕಾದೆ. ಯಾರೂ ಏನೂ ಹೇಳಲಿಲ್ಲ.

ವಿದ್ಯಾಗೆ ಫೋನ್ ಮಾಡಿದೆ. "ನಿಧಿ ನಿಮ್ಮಪ್ಪನ ಪಂಚೆ ತೊಗೊಂಡು ಹೋಗ್ಬಿಟ್ಟಿದಾಳೆ ಕಣೇ."

"ಅಮ್ಮ, ಮೀಟಿಂಗಲ್ಲಿದೀನಿ. ಯಾವುದೋ ಒಂದು ಪಂಚೆ, ಬಿಡು."

"ಯಾವುದೋ ಒಂದಲ್ಲ. ಒಗೆಯದೇ ಇಟ್ಟಿದ್ದು."

"ಒಗೆಯದೇನಾ? ಎಂಟು ತಿಂಗಳಿಂದಾನಾ? ಯಾಕಮ್ಮ?"

"ಸುಮ್ಮನೆ."

ಆ ಕಡೆ ಕುರ್ಚಿ ಸರಿಯಿತು. ಯಾರೋ ಬಾಗಿಲು ತೆಗೆದು ಹಾಕಿದ ಸದ್ದು. ಆಮೇಲೆ ವಿದ್ಯಾ ಬೇರೆ ದನಿಯಲ್ಲಿ, "ಒಂದು ಗಾಡಿ ಬುಕ್ ಮಾಡ್ತೀನಿ, ಸ್ಕೂಲಿಗೆ ಹೋಗ್ಬಾ" ಅಂದಳು. ಗುರುತಿಲ್ಲದವನ ಕಾರಿನಲ್ಲಿ ಕೂರುವ ಗಾಬರಿಗೆ ಅವತ್ತು ನನ್ನಲ್ಲಿ ಜಾಗ ಇರಲಿಲ್ಲ. ನಡೆದೇ ಹೋಗುತ್ತೇನೆ ಅಂದೆ. ಟ್ರಾಯ್‌ನಲ್ಲಿ ನಾನೇ ಡ್ರೈವ್ ಮಾಡುತ್ತಿದ್ದೆ, ಪಕ್ಕದ ಸೀಟಿನಲ್ಲಿ ಅವರಿದ್ದರೆ ಮಾತ್ರ.

ಸ್ಕೂಲು ಒಂದೂವರೆ ಮೈಲಿ. ಮಕ್ಕಳಿಗೆ ವೇಷ ಹಾಕಲು ಮನೆಯವರು ಹನ್ನೆರಡೂವರೆಗೆ ಬರಬಹುದು ಅಂದಿದ್ದರು. ನಾನು ಹನ್ನೊಂದೂವರೆಗೇ ಹೊರಟೆ. ಇಸ್ತ್ರಿ ಪಂಚೆಯನ್ನು ಕೈಚೀಲದಲ್ಲಿಟ್ಟುಕೊಂಡಿದ್ದೆ. ಇದನ್ನು ಕೊಟ್ಟು ಅದನ್ನು ಬಿಡಿಸಿಕೊಂಡು ಬರುವುದು ನನ್ನ ಉಪಾಯ. ಆ ಗ್ರೀಕರೂ ಯುದ್ಧಕ್ಕೆ ಮೊದಲು ರಾಯಭಾರಿಗಳನ್ನು ಕಳಿಸಿ, ನಮ್ಮವಳನ್ನು ನಮಗೆ ಕೊಟ್ಟುಬಿಡಿ ಎಂದು ಮರ್ಯಾದೆಯಾಗಿ ಕೇಳಿದ್ದರಂತೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಚಿತ್ರ: ಲಂಚ್ ಟೇಬಲ್ಲು, ಕೆಚಪ್ಪು, ಚಾಕಲೇಟ್ ಹಾಲು, ಅದರ ಪಕ್ಕದಲ್ಲಿ ಬಾಯಿ ತೆರೆದ ಸ್ಕೂಲ್ ಬ್ಯಾಗು. ರೈಲ್ವೆ ಗೇಟಿನ ಹತ್ತಿರ ಬರುವುದಕ್ಕೂ ಗಂಟೆ ಬಾರಿಸಿ ಗೇಟು ಬೀಳುವುದಕ್ಕೂ ಸರಿಹೋಯಿತು. ಗೂಡ್ಸ್ ಗಾಡಿ. ಹಡಗಿನಿಂದ ಇಳಿಸಿದ ಕಂಟೇನರುಗಳು, ಒಂದರ ಮೇಲೊಂದು, ನೀಲಿ, ಕೆಂಪು, ಮತ್ತೆ ನೀಲಿ. ಸಾವಿರ ಹಡಗಿನ ಸಾಮಾನೆಲ್ಲ ಅವತ್ತೇ ಸಾಗಬೇಕಾಗಿತ್ತೋ ಏನೋ, ಮುಗಿಯಲೇ ಒಲ್ಲದು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ನಿಂತೆ.

ಸ್ಕೂಲಿನ ಆಫೀಸಿನಲ್ಲಿ ಗುರುತಿನ ಚೀಟಿ ತೋರಿಸಿ, ಎದೆಗೊಂದು ಸ್ಟಿಕ್ಕರ್ ಅಂಟಿಸಿಕೊಂಡು, ಹಾಳೆಯಲ್ಲಿ ಬಂದ ಕಾರಣ ಬರೆಯಬೇಕು. ಪೆನ್ನು ಹಿಡಿದು ಯೋಚಿಸಿದೆ. ಒಗೆಯದ ಪಂಚೆ ವಾಪಸು ಪಡೆಯಲು ಎಂದು ಇಂಗ್ಲಿಷಿನಲ್ಲಿ ಬರೆಯುವಷ್ಟು ಇಂಗ್ಲಿಷು ನನಗೆ ಬರುವುದಿಲ್ಲ. ಬಂದಿದ್ದರೂ ಒಳಗೆ ಬಿಡುತ್ತಿರಲಿಲ್ಲ. "ಹೆಲೆನ್‌ಗೆ ಬಟ್ಟೆ ಉಡಿಸಲು" ಎಂದು ಬರೆದೆ. ಆಫೀಸಿನಾಕೆ ಓದಿ, ತಲೆದೂಗಿ, ಜಿಮ್ ಎಂಬ ಆಟದ ಹಾಲಿನ ಕಡೆಗೆ ಕೈ ತೋರಿಸಿದಳು. ಅವತ್ತು ನನ್ನ ಹಿಂದೆ ಮುಂದೆ ಬಂದವರೆಲ್ಲ ಅಂಥವೇ ಕಾರಣ ಬರೆದಿದ್ದರು.

ಜಿಮ್‌ನಲ್ಲಿ ದೇವಾನುದೇವತೆಗಳೆಲ್ಲ ಬೆಡ್‌ಶೀಟಿನಲ್ಲಿ ಓಡಾಡುತ್ತಿದ್ದರು. ನಮ್ಮ ಹೆಲೆನ್ ಒಂದು ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ನಾನು ಬರುವವರೆಗೆ ಕಾಯದೆ ಟೀಶರ್ಟಿನ ಮೇಲೆ ತಾನೇ ಪಂಚೆ ಸುತ್ತಿಕೊಂಡಿದ್ದಳು, ಸ್ನಾನ ಮಾಡಿ ಬಂದವರು ಟವಲ್ ಸುತ್ತುವ ಹಾಗೆ. ಬೀಳದಿರಲಿ ಎಂದು ಕಾಗದಕ್ಕೆ ಹಾಕುವ ಕಪ್ಪು ಕ್ಲಿಪ್ಪುಗಳನ್ನು ಸುತ್ತಲೂ ಕಚ್ಚಿಸಿದ್ದಳು. ಅವರ ಮಡಿಕೆಯ ಗೆರೆಗಳು, ನಕ್ಷೆಯ ಗೆರೆಗಳು, ಬಟ್ಟೆಯ ಮೇಲೆ ಇನ್ನೂ ಕಾಣುತ್ತಿದ್ದವು.

"ಪುಟ್ಟೀ, ಮಂಚದ ಮೇಲಿತ್ತಲ್ಲೇ ಇಸ್ತ್ರಿ ಮಾಡಿದ್ದು!"

"ಅದು ಹೊಸದು ಅಜ್ಜಿ. ಹೆಲೆನ್‌ಗೆ ಮೂರು ಸಾವಿರ ವರ್ಷ. ಹಳೇದು ಕಾಣಬೇಕು."

ಕೈಚೀಲದಿಂದ ಹೊಸದನ್ನು ಹೊರಗೆ ತೆಗೆದೆ. ಅಷ್ಟರಲ್ಲಿ ಪಕ್ಕದ ಬಿಲ್ಲೆಯ ಹಿಂದೆ ಬಟ್ಟೆಯ ಗೂಬೆ ಹಿಡಿದು ನಿಂತಿದ್ದ ಅಥೀನಾ ದೇವತೆಯ ವೇಷದ ಹುಡುಗಿ ಮೂಗು ಹಿಡಿದುಕೊಂಡು, ಜಿಮ್‌ಗೆಲ್ಲ ಕೇಳುವ ಹಾಗೆ ಕೂಗಿದಳು: "ಹೆಲೆನ್ ಯಾಕೆ ನಮ್ಮ ಗ್ರ್ಯಾಂಡ್‌ಮಾ ಬಟ್ಟೆ ಬೀರು ಥರ ವಾಸನೆ ಬರ್ತಿದಾಳೆ?" ಯಾರು ಚೆಲುವೆ ಅನ್ನುವ ಜಗಳ ಅಥೀನಾಗೂ ಹೆಲೆನ್ ಕಡೆಯವರಿಗೂ ಮೊದಲಿನಿಂದ ಇದ್ದದ್ದೇ ಎಂದು ನಿಧಿ ಹೇಳಿದ್ದಳು. ಮೂರು ಸಾವಿರ ವರ್ಷವಾದರೂ ಮುಗಿದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ನಾಲ್ಕೈದು ದೇವರುಗಳು ನಕ್ಕರು. ನಿಧಿಯ ಕಿವಿ ಕೆಂಪಾಯಿತು, ಕೈ ತಾನಾಗಿ ಮೂಗಿನ ಮೇಲೆ ಹೋಯಿತು. "ನಾನು ಮನೆಗೆ ಬರ್ತೀನಿ ಅಜ್ಜಿ" ಎಂದು ಕನ್ನಡದಲ್ಲಿ ಅಂದಳು. ಅವಳು ಕನ್ನಡದಲ್ಲಿ ಮಾತಾಡಿದರೆ ಜ್ವರವೋ, ಅಳುವೋ ಬರುತ್ತದೆ ಎಂದು ಅರ್ಥ. ಆಚೆ ಕಡೆಯಿಂದ ಟೀಚರು, "ಐದೇ ನಿಮಿಷ!" ಅಂದರು.

ಐದು ನಿಮಿಷದಲ್ಲಿ ಎಲ್ಲರ ಎದುರಿಗೆ ಆ ಮಗುವಿನ ಬಟ್ಟೆ ಬಿಚ್ಚಿಸಿ ನನ್ನ ಪಂಚೆ ನಾನು ಬಿಡಿಸಿಕೊಂಡು ಹೋಗಬಹುದಾಗಿತ್ತು. ಅದಕ್ಕೇ ತಾನೇ ನಾನು ಬಂದದ್ದು? ಹೊಸ ಪಂಚೆ ನನ್ನ ಕೈಯಲ್ಲಿ ಮೆತ್ತಗೆ, ಲ್ಯಾವೆಂಡರ್ ವಾಸನೆ ಸೂಸುತ್ತ ಕೂತಿತ್ತು. ನಿಧಿ ಅದನ್ನೂ ನನ್ನನ್ನೂ ನೋಡುತ್ತಿದ್ದಳು. ನಾನು ಅದನ್ನು ಚೀಲಕ್ಕೆ ತುರುಕಿ, ಕಪ್ಪು ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಿದೆ.

ಪಿನ್ನು ಬೇಕು. ಮೊದಲಾದರೆ ಕರಿಮಣಿ ಸರಕ್ಕೆ ನಾಲ್ಕು ಪಿನ್ನು ಯಾವಾಗಲೂ ಸಿಕ್ಕಿಸಿಕೊಂಡಿರುತ್ತಿದ್ದೆ. ಊರಿನಲ್ಲಿ ಎಲ್ಲ ಹೆಂಗಸರೂ ಹಾಗೆ. ಅಭ್ಯಾಸದಿಂದ ಕೈ ಕತ್ತಿಗೆ ಹೋಯಿತು, ಅಲ್ಲಿ ಏನೂ ಸಿಗದೆ ಕೆಳಗಿಳಿಯಿತು. ಈಗ ಅವು ಪರ್ಸಿನೊಳಗೆ ಒಂದು ಮಾತ್ರೆ ಡಬ್ಬಿಯಲ್ಲಿರುತ್ತವೆ. ಪಿನ್ನುಗಳಿಗೂ ಮನೆ ಬದಲಾಗಿದೆ. ಎರಡು ಪಿನ್ನು ತೆಗೆದು, ನೆರಿಗೆ ಹಿಡಿದು, ಭುಜದ ಮೇಲೆ ಅಂಚು ಎದ್ದು ಕಾಣುವ ಹಾಗೆ ಕೂಡಿಸಿ, ಅವರ ಪಂಚೆಗೆ ಚುಚ್ಚಿದೆ. ನನಗೇ ಚುಚ್ಚಿದಷ್ಟಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಎರಡನೆಯ ಪಿನ್ನು ನನ್ನ ಹೆಬ್ಬೆರಳಿಗೂ ಚುಚ್ಚಿತು.

ಬಗ್ಗಿದ್ದೆ. ಮುಖ ಅವಳ ಭುಜದ ಹತ್ತಿರ ಇತ್ತು. ಎಂಟು ತಿಂಗಳಾದ ಮೇಲೆ, ಯಾರಾದರೂ ನೋಡಿಯಾರು ಅನ್ನುವುದನ್ನೂ ಬಿಟ್ಟು, ಕಣ್ಣು ಮುಚ್ಚಿ ಆ ಬಟ್ಟೆಯನ್ನು ಮೂಸಿದೆ.

ನುಸಿಗುಳಿಗೆ.

ಇನ್ನೊಂದು ಸಲ ಮೂಸಿದೆ. ಅಂಚಿನಲ್ಲಿ, ನೆರಿಗೆಯ ಒಳಗೆ. ಗಂಧ ಇಲ್ಲ, ಕರ್ಪೂರ ಇಲ್ಲ, ಮುಲಾಮು ಇಲ್ಲ, ಅವರೂ ಇಲ್ಲ. ಬರೀ ನುಸಿಗುಳಿಗೆ, ಕಣ್ಣಲ್ಲಿ ನೀರು ಬರುವಷ್ಟು. ಅಥೀನಾ ಹೇಳಿದ್ದು ಅಕ್ಷರಶಃ ಸರಿ, ಅಜ್ಜಿಯ ಬೀರು. ಕಾಪಾಡಬೇಕೆಂದು ನಾಲ್ಕು ಗುಳಿಗೆ ಹಾಕಿ, ಗಾಳಿಯಾಡದಂತೆ ಕಟ್ಟಿ, ಎಂಟು ತಿಂಗಳು ಕಾವಲು ಕೂತು, ಒಳಗೆ ಇದ್ದದ್ದನ್ನು ನಾನೇ ಓಡಿಸಿದ್ದೆ. ಬಹುಶಃ ಮಾರ್ಚ್ ತಿಂಗಳಲ್ಲೇ ಮುಗಿದಿತ್ತು. ಆಮೇಲೆ ನಾನು ಕಾದದ್ದೆಲ್ಲ ಖಾಲಿ ಊರು.

"ಅಜ್ಜಿ, ಅಳ್ತಿದೀಯಾ?"

"ಗುಳಿಗೆ ಖಾರ ಕಣೇ. ನೆಟ್ಟಗೆ ನಿಂತ್ಕೊ."

ನಿಧಿ ನನ್ನನ್ನು ಒಂದು ಗಳಿಗೆ ನೋಡಿದಳು. ಅವಳಿಗೆ ಏನು ತೋರಿತೋ, ಅಥೀನಾಳ ಕಡೆ ತಿರುಗಿ, ಸೊಂಟದ ಮೇಲೆ ಕೈಯಿಟ್ಟು ಅಂದಳು: "ನಂಗೆ ಮೂರು ಸಾವಿರ ವರ್ಷ ವಯಸ್ಸು. ಇನ್ನೇನು ವಾಸನೆ ಬರಬೇಕು ಅಂದ್ಕೊಂಡೆ?" ಮೊದಲು ನಕ್ಕವರೇ ಮತ್ತೆ ನಕ್ಕರು. ಗೂಬೆ ಕೈಜಾರಿ ಬೀಳುವಷ್ಟು ಅಥೀನಾಳೂ ನಕ್ಕಳು.

ಬಾಗಿಲು ತೆರೆದು ಜನ ಒಳಗೆ ಬಂದರು. ಗೊಂಬೆಗಳೆಲ್ಲ ಬಿಗಿಯಾದವು. ಮೊದಲು ನಾನೇ ಹೋಗಿ ಹೆಲೆನ್ನಿನ ಬಿಲ್ಲೆ ಮೆಟ್ಟಿದೆ. ಅವಳು ಗಂಟಲು ಸರಿಮಾಡಿಕೊಂಡಳು. ಎರಡು ಸಲ ಸಣ್ಣದಾಗಿ, ಒಂದು ಸಲ ದೊಡ್ಡದಾಗಿ. ನಾನು ಬೆಚ್ಚಿದೆ. ಶನಿವಾರ ಮಂತ್ರ ಶುರುಮಾಡುವ ಮೊದಲು ನಮ್ಮನೆಯವರು ಮಾಡುತ್ತಿದ್ದದ್ದು ಅದೇ. ನಲವತ್ತು ವರ್ಷ ಬೆಳಗಿನ ನಿದ್ದೆ ಹಾಳುಮಾಡಿದ ಸದ್ದು. ಅದನ್ನು ಯಾರೂ ಅವಳಿಗೆ ಕಲಿಸಿರಲಾರರು. ಆಮೇಲೆ ಕೋಳಿಮೊಟ್ಟೆಯಂಥ ದೀಪಗಳ ಕೆಳಗೆ, ಮೂಗನ್ನು ಮುಂದೆ ಮಾಡಿಕೊಂಡು, ಹೆಲೆನ್ ಮಾತಾಡಿದಳು.

"ಎಲ್ಲರೂ ನನ್ನಿಂದ ಯುದ್ಧ ಆಯಿತು ಅಂತಾರೆ. ನನ್ನನ್ನು ಯಾರೂ ಕೇಳಲಿಲ್ಲ. ನಾನು ಟ್ರಾಯ್‌ಗೆ ಹೋಗೇ ಇಲ್ಲ ಅಂತಲೂ ಕೆಲವರು ಹೇಳ್ತಾರೆ. ಅಲ್ಲಿದ್ದದ್ದು ಮೋಡದ ಬೊಂಬೆ. ನಾನು ಬೇರೆ ಕಡೆ ಇದ್ದೆ, ಚೆನ್ನಾಗೇ ಇದ್ದೆ. ಹತ್ತು ವರ್ಷ ಅಷ್ಟು ಜನ ಕೋಟೆ ಕಾದರು, ಹೊಡೆದಾಡಿದರು. ಒಬ್ಬರೂ ಹತ್ತಿರ ಬಂದು ಸರಿಯಾಗಿ ನೋಡಲಿಲ್ಲ."

ಪಕ್ಕದಲ್ಲಿ ನಿಂತಿದ್ದ ಯಾರದೋ ತಂದೆ ಚಪ್ಪಾಳೆ ತಟ್ಟಿದ. ಗೊಂಬೆ ಮತ್ತೆ ಅಲ್ಲಾಡದೆ ನಿಂತಿತು, ಕಣ್ಣನ್ನು ಮಾತ್ರ ನನ್ನ ಕಡೆ ಹೊರಳಿಸಿ, ಹೇಗಿತ್ತು ಅನ್ನುವ ಹಾಗೆ ಹುಬ್ಬೆತ್ತಿತು. "ನೀಟಾಗಿತ್ತು" ಅಂದೆ.

ಸಾಯಂಕಾಲ ವಿದ್ಯಾ ಮಾಮೂಲಿಗಿಂತ ಒಂದು ರೈಲು ಮೊದಲೇ ಬಂದಳು. ಕುರ್ಚಿಯ ಬೆನ್ನ ಮೇಲೆ ಹರವಿದ್ದ ಪಂಚೆಯನ್ನು ನೋಡಿ, ಷೂ ಬಿಚ್ಚದೆ ಅಲ್ಲೇ ನಿಂತಳು. "ಅಮ್ಮ, ಇದನ್ನ ಒಗೆಯೋದಾ, ಬೇಡವಾ?" ಎಂದು ಮೆಲ್ಲಗೆ ಕೇಳಿದಳು. ನಾನು ಗುಳಿಗೆಯ ಕಥೆ ಹೇಳಿದೆ. ಅವಳು ಬಂದು ತಾನೂ ಮೂಸಿದಳು, ಸೀನಿದಳು. ನಗುತ್ತ ಶುರುಮಾಡಿ ಅಳುತ್ತ ಮುಗಿಸಿದಳು. ಮಗಳ ಮುಂದೆ ಅತ್ತರೆ ಅವಳಿಗೆ ಕಷ್ಟ ಎಂದು ನಾನು, ನನ್ನ ಮುಂದೆ ಅತ್ತರೆ ನನಗೆ ಕಷ್ಟ ಎಂದು ಅವಳು, ಎಂಟು ತಿಂಗಳಿಂದ ಬೇರೆ ಬೇರೆ ಬಾತ್‌ರೂಮಿನಲ್ಲಿ ಆ ಕೆಲಸ ಮುಗಿಸುತ್ತಿದ್ದೆವು ಎಂದು ಅವತ್ತು ಗೊತ್ತಾಯಿತು. ನಿಧಿ ಒಳಗಿನಿಂದ ಬಂದು, ನಮ್ಮಿಬ್ಬರನ್ನೂ ನೋಡಿ, ಎರಡು ಸಲ ಸಣ್ಣದಾಗಿ ಗಂಟಲು ಸರಿಮಾಡಿಕೊಂಡಳು. ಮೂರನೆಯದಕ್ಕೆ ನಾವಿಬ್ಬರೂ ಕಾದೆವು.

ಪಂಚೆಯನ್ನು ಒಗೆಯಲಿಲ್ಲ. ಗುಳಿಗೆಗಳನ್ನು ಎಸೆದೆ. ಈಗ ಅದಕ್ಕೆ ಜಿಮ್‌ನ ವಾಸನೆಯೂ ನಿಧಿ ಹಚ್ಚಿಕೊಳ್ಳುವ ಸ್ಟ್ರಾಬೆರಿ ಲೋಷನ್ನಿನ ವಾಸನೆಯೂ ಸೇರಿವೆ. ನಮ್ಮನೆಯವರು ಜೀವ ಹೋದರೂ ಅಂಥ ಲೋಷನ್ ಮುಟ್ಟಿದವರಲ್ಲ. ಮಡಿಸಲು ಹೋದರೆ ಅವರ ಹಾಗೆ ಮೂಲೆಗೆ ಮೂಲೆ ಕೂಡಲಿಲ್ಲ. ಬಂದ ಹಾಗೆ ಮಡಿಸಿ, ಕವರು ಇಲ್ಲದೆ, ಕಪಾಟಿನಲ್ಲಿ ನನ್ನ ಸೀರೆಗಳ ಮೇಲೆ ಇಟ್ಟಿದ್ದೇನೆ. ಇಷ್ಟೆಲ್ಲ ಆದ ಮೇಲೆ ನನಗೆ ಬುದ್ಧಿ ಬಂದಿರಬೇಕು, ಗಾಬರಿ ಹೋಗಿರಬೇಕು ಎಂದು ನೀವು ತಿಳಿಯಬಹುದು. ಗುಳಿಗೆ ಇಲ್ಲದ ಮೇಲೆ ನುಸಿ ಬರುವುದಿಲ್ಲವೇ? ಹಾಗಾಗಿ ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಕಪಾಟು ತೆಗೆದು, ಪಂಚೆ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ತೂತು ಬಿದ್ದಿದೆಯೇ ಎಂದು ಈ ತುದಿಯಿಂದ ಆ ತುದಿಯವರೆಗೆ ನೋಡುತ್ತೇನೆ. ಇದುವರೆಗೆ ಸಿಕ್ಕಿರುವುದು ಎರಡೇ ಕಡೆ, ಅಂಚಿನ ಪಕ್ಕದಲ್ಲಿ, ಒಂದೊಂದು ಜೊತೆ ಸಣ್ಣ ತೂತು. ಅವು ನುಸಿಯವಲ್ಲ. ನನ್ನ ಪಿನ್ನಿನವು.